ಬಾಡಿಗೆ ಕರಾರು ಯಾರ ಹೆಸರಲ್ಲಿತ್ತು? ನ್ಯೂಯಾರ್ಕಿನ ಸಲಿಂಗಿ ಗಂಡಸರ ನೂರು ವರ್ಷ

(ನಗರಗಳ ಇತಿಹಾಸ ಕುರಿತ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿದೆ.)

ಎಲ್ಲರಿಗೂ ನಮಸ್ಕಾರ.

ನ್ಯೂಯಾರ್ಕ್ ನಗರದ ಸಲಿಂಗಿ ಗಂಡಸರ ಇತಿಹಾಸ ಎಂದ ಕೂಡಲೇ ಹೆಚ್ಚಿನವರಿಗೆ, ಬಾರೊಂದರ ಮೇಲಿನ ಪೊಲೀಸ್ ದಾಳಿಗೆ ಎದುರಾಗಿ ಎದ್ದ 1969ರ ಸ್ಟೋನ್‌ವಾಲ್ ಗಲಭೆ ನೆನಪಾಗುತ್ತದೆ. ಅದಕ್ಕೂ ಬರೋಣ. ಆದರೆ ಇವತ್ತು ನಾನು ಹಿಡಿದಿರುವ ಎಳೆ ಬೇರೆ. ಈ ಗಂಡಸರು ಒಟ್ಟಿಗೆ ಕೂತ, ಉಂಡ, ಕುಣಿದ, ಮಲಗಿದ ಒಂದೊಂದು ಜಾಗದ ಬಗ್ಗೆಯೂ ಒಂದೇ ಪ್ರಶ್ನೆ ಕೇಳುತ್ತ ಹೋಗುತ್ತೇನೆ: ಅದರ ಬಾಡಿಗೆ ಕರಾರು, ಅದರ ಲೈಸೆನ್ಸು ಯಾರ ಹೆಸರಲ್ಲಿತ್ತು? ದಂಡಸಂಹಿತೆಯಲ್ಲಿದ್ದ ಶಿಕ್ಷೆಗಿಂತಲೂ, ಚರ್ಚಿನಲ್ಲಿ ಕೇಳಿಬಂದ ಬೋಧನೆಗಿಂತಲೂ ಈ ಎರಡು ಕಾಗದಗಳೇ ಅವರ ದಿನನಿತ್ಯದ ಬದುಕನ್ನು ಹೆಚ್ಚು ಆಳಿದವು ಎಂಬುದು ನನ್ನ ನಿಲುವು.

1890ರ ದಶಕದಿಂದ ಶುರು ಮಾಡೋಣ. ಮ್ಯಾನ್‌ಹಟನ್ನಿನ ಬ್ಲೀಕರ್ ಸ್ಟ್ರೀಟಿನಲ್ಲಿ 157ನೇ ನಂಬರಿನ ಕಟ್ಟಡದಲ್ಲಿ ‘ದಿ ಸ್ಲೈಡ್’ ಎಂಬ ಸಲೂನ್, ಅಂದರೆ ಮದ್ಯದಂಗಡಿ, ಇತ್ತು. ಬವರಿ ರಸ್ತೆಯಲ್ಲಿ ‘ಕೊಲಂಬಿಯಾ ಹಾಲ್’ ಇತ್ತು. ತುಟಿಗೆ ಬಣ್ಣ ಹಚ್ಚಿಕೊಂಡು, ಹೆಣ್ಣಿನ ಹೆಸರಿಟ್ಟುಕೊಂಡು ಬರುತ್ತಿದ್ದ ಗಂಡಸರು ಅಲ್ಲಿ ಮುಚ್ಚುಮರೆಯಿಲ್ಲದೆ ಕೂರುತ್ತಿದ್ದರು. ಅವರನ್ನು ನೋಡಲೆಂದೇ ಊರಿನ ಶ್ರೀಮಂತರು ಗಾಡಿ ಕಟ್ಟಿಸಿಕೊಂಡು ಬರುತ್ತಿದ್ದರು. ಪತ್ರಿಕೆಯೊಂದು ಬೆನ್ನುಬಿದ್ದು ಬರೆದ ಮೇಲೆ 1892ರಲ್ಲಿ ಸ್ಲೈಡ್ ಮುಚ್ಚಿತು. ಅದನ್ನು ನಡೆಸುತ್ತಿದ್ದವನಿಗೆ ಶಿಕ್ಷೆಯಾಯಿತು. ಶಿಕ್ಷೆಯಾದದ್ದು ಕುಡಿಯಲು ಬಂದವರಿಗಲ್ಲ, ಜಾಗ ನಡೆಸಿದವನಿಗೆ. ಮುಂದಿನ ಎಂಬತ್ತು ವರ್ಷಗಳ ಹತೋಟಿಯ ವಿಧಾನ ಇದರಲ್ಲೇ ಅಡಗಿದೆ. ಸಾವಿರಾರು ಗಂಡಸರನ್ನು ಬೆನ್ನಟ್ಟಿ ಹಿಡಿಯುವುದು ಪೊಲೀಸರಿಗೆ ಆಗದ ಕೆಲಸ. ಅವರಿಗೆ ಜಾಗ ಕೊಟ್ಟವನನ್ನು ಹೆದರಿಸುವುದು ಸುಲಭ.

ಸ್ಲೈಡ್ ಇದ್ದ ಜಾಗದ ಎದುರು ಸಾಲಿನಲ್ಲಿ, 160ನೇ ನಂಬರಿನಲ್ಲಿ, 1897ರಲ್ಲಿ ‘ಮಿಲ್ಸ್ ಹೌಸ್’ ತೆರೆಯಿತು. ಒಂಟಿ ಗಂಡಸರಿಗೆಂದೇ ಕಟ್ಟಿದ ವಸತಿಗೃಹ ಅದು: 1,554 ಕೋಣೆಗಳು, ರಾತ್ರಿಗೆ 20 ಸೆಂಟ್. ಕೋಣೆ ಎಂದರೆ ಒಂದು ಮಂಚ ಹಿಡಿಯುವಷ್ಟು ಜಾಗ. ಹಡಗುಕಟ್ಟೆ, ಕಾರ್ಖಾನೆ, ಕಚೇರಿಗಳಿಗೆ ಕೆಲಸ ಹುಡುಕಿ ಬಂದ ಮದುವೆಯಾಗದ ಗಂಡಸರು ಈ ನಗರದಲ್ಲಿ ಲೆಕ್ಕವಿಲ್ಲದಷ್ಟಿದ್ದರು. ಅವರಿಗೆ ಮನೆ ಬೇಕಿರಲಿಲ್ಲ, ವಾರಕ್ಕಿಷ್ಟು ಎಂದು ಕೊಟ್ಟು ಇರಬಹುದಾದ ಕೋಣೆ ಬೇಕಿತ್ತು. ಹಳೆಯ ದೊಡ್ಡ ಮನೆಗಳನ್ನು ಹೀಗೆ ಕೋಣೆ ಕೋಣೆಯಾಗಿ ಬಾಡಿಗೆಗೆ ಕೊಡುವವರು ಬೀದಿಬೀದಿಯಲ್ಲಿದ್ದರು. ಮುಂದೆ 1930ರಲ್ಲಿ 34ನೇ ರಸ್ತೆಯಲ್ಲಿ ತೆರೆದ ವೈಎಂಸಿಎಯ ಸ್ಲೋನ್ ಹೌಸಿನಲ್ಲಿ ಸಾವಿರಕ್ಕೂ ಮಿಕ್ಕಿ ಕೋಣೆಗಳಿದ್ದವು. ಗಂಡಸರು ಗಂಡಸರೊಂದಿಗೆ ಒಂದೇ ಸೂರಿನಡಿ ಇರುವುದನ್ನು ಯಾರೂ ಅನುಮಾನಿಸುತ್ತಿರಲಿಲ್ಲ. ಹೆಣ್ಣು ಒಳಗೆ ಬಂದಳೇ ಎಂದಷ್ಟೇ ಮನೆಯೊಡತಿ ಕಾಯುತ್ತಿದ್ದಳು.

ಕಾನೂನೂ ಗೊತ್ತಿಲ್ಲದೆಯೇ ಕೋಣೆಗಳನ್ನು ಹುಟ್ಟಿಸಿತು. 1896ರ ರೇನ್ಸ್ ಕಾಯ್ದೆಯನ್ನು ತಂದದ್ದು ಭಾನುವಾರದ ಕುಡಿತ ನಿಲ್ಲಿಸಲು. ಭಾನುವಾರ ಮದ್ಯ ಕೊಡುವ ಅವಕಾಶ ಹೋಟೆಲಿಗೆ ಮಾತ್ರ, ಹೋಟೆಲು ಎನ್ನಿಸಿಕೊಳ್ಳಲು ಕನಿಷ್ಠ 10 ಮಲಗುವ ಕೋಣೆ ಇರಬೇಕು ಎಂದಿತು ಕಾಯ್ದೆ. ಸಲೂನಿನವರು ಮಹಡಿಯ ಮೇಲೆ ತೆಳು ಗೋಡೆ ಎಬ್ಬಿಸಿ ಹತ್ತು ಕೋಣೆ ಮಾಡಿದರು. ಮಾಡಿದ ಮೇಲೆ ಖಾಲಿ ಬಿಡುತ್ತಾರೆಯೇ? ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಬಿಟ್ಟರು. ಒಂಬತ್ತು ವರ್ಷಗಳ ನಂತರ ಈ ಕೋಣೆಗಳನ್ನು ಮುಚ್ಚಿಸಲೆಂದೇ ನಗರದ ಗಣ್ಯರು ‘ಹದಿನಾಲ್ವರ ಸಮಿತಿ’ ಕಟ್ಟಬೇಕಾಯಿತು.

ಬಾಡಿಗೆ ಕೋಣೆಗೆ ಅಡುಗೆಮನೆ ಇರುವುದಿಲ್ಲ. ಸಣ್ಣ ವಿಷಯದಂತೆ ಕಾಣುತ್ತದೆ, ಅಲ್ಲ. ಮೂರು ಹೊತ್ತೂ ಹೊರಗೆ ತಿನ್ನಬೇಕಾದವನಿಗೆ ಊಟದ ಜಾಗವೇ ಜಗಲಿ. 1912ರಲ್ಲಿ ಟೈಮ್ಸ್ ಸ್ಕ್ವೇರಿನಲ್ಲಿ ಹಾರ್ನ್ ಅಂಡ್ ಹಾರ್ಡಾರ್ಟ್ ಕಂಪನಿಯ ‘ಆಟೊಮ್ಯಾಟ್’ ತೆರೆಯಿತು. ಗೋಡೆಯಲ್ಲಿ ಗಾಜಿನ ಪುಟ್ಟ ಬಾಗಿಲುಗಳು. 5 ಸೆಂಟಿನ ನಾಣ್ಯ ಹಾಕಿ ಗುಂಡಿ ತಿರುಗಿಸಿದರೆ ಬಾಗಿಲು ತೆರೆಯುತ್ತದೆ, ತಟ್ಟೆ ಎತ್ತಿಕೊಳ್ಳುವುದು. ಬಡಿಸುವವರಿಲ್ಲ, ಹಾಗಾಗಿ ‘ಇನ್ನೇನು ಬೇಕು’ ಎಂದು ಎಬ್ಬಿಸುವವರೂ ಇಲ್ಲ. ಒಂದು ಕಪ್ ಕಾಫಿ ಹಿಡಿದು ಎರಡು ಗಂಟೆ ಕೂರಬಹುದು. ತಡರಾತ್ರಿವರೆಗೆ ತೆರೆದಿರುತ್ತಿದ್ದ ಅಗ್ಗದ ಕೆಫೆಟೇರಿಯಾಗಳು ಹೀಗೆ ಸಲಿಂಗಿ ಗಂಡಸರ ಕೂಟಗಳಾದವು. 1933ರಲ್ಲಿ ಶೆರಿಡನ್ ಸ್ಕ್ವೇರಿನಲ್ಲಿ ತೆರೆದ ‘ಸ್ಟೂವರ್ಟ್ಸ್ ಕೆಫೆಟೇರಿಯಾ’ದ ದೊಡ್ಡ ಗಾಜಿನ ಕಿಟಕಿಗಳ ಮುಂದೆ ಅವರನ್ನು ನೋಡಲು ಜನ ನಿಲ್ಲುತ್ತಿದ್ದರು. ಕೆಫೆಟೇರಿಯಾದವರಿಗೆ ಅದು ಒಳ್ಳೆಯ ವ್ಯಾಪಾರವೇ. ಆದರೆ 1935ರಲ್ಲಿ ಸಾರ್ವಜನಿಕ ಉಪದ್ರವದ ಆರೋಪದ ಮೇಲೆ ಅದರ ಮ್ಯಾನೇಜರನಿಗೆ ಶಿಕ್ಷೆಯಾಯಿತು. ಮತ್ತೆ ಅದೇ: ಪೆಟ್ಟು ಬಿದ್ದದ್ದು ಜಾಗ ನಡೆಸಿದವನಿಗೆ.

ದುಡ್ಡು ಕೊಟ್ಟು ಹೋಗುವ, ಗಂಡಸರು ಗಂಡಸರನ್ನು ಸಂಧಿಸುತ್ತಿದ್ದ ಸಾರ್ವಜನಿಕ ಸ್ನಾನಗೃಹಗಳ ವಿಷಯ ಸ್ವಲ್ಪ ಬೇರೆ. ಅಲ್ಲಿ ಪೊಲೀಸರು ಗಿರಾಕಿಗಳನ್ನೇ ಹಿಡಿದರು. 1903ರ ಫೆಬ್ರುವರಿ 21ರಂದು ಏರಿಸ್ಟನ್ ಹೋಟೆಲಿನ ಸ್ನಾನಗೃಹದ ಮೇಲೆ ದಾಳಿಯಾಯಿತು. 26 ಮಂದಿ ಬಂಧನ, 12 ಮಂದಿ ವಿಚಾರಣೆಗೆ, 7 ಮಂದಿಗೆ 4ರಿಂದ 20 ವರ್ಷ ಸೆರೆವಾಸ. ಇಷ್ಟಾದರೂ ಅವು ನಿಲ್ಲಲಿಲ್ಲ. ಹಳೆಯ ಚರ್ಚ್ ಕಟ್ಟಡದಲ್ಲಿ 1888ರಲ್ಲಿ ಶುರುವಾದ 28ನೇ ರಸ್ತೆಯ ‘ಎವರರ್ಡ್ ಬಾತ್ಸ್’ ಬಹುಕಾಲ ಬಾಳಿತು. 1977ರ ಮೇ 25ರ ಬೆಂಕಿಯಲ್ಲಿ ಅಲ್ಲಿ 9 ಮಂದಿ ಸತ್ತರು.

ಮ್ಯಾನ್‌ಹಟನ್ನಿನ ಉತ್ತರದಲ್ಲಿ ಕರಿಯರು ಹೆಚ್ಚಾಗಿದ್ದ ಹಾರ್ಲೆಮ್‌ಗೆ ಬರೋಣ. ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಈ ಭಾಗವನ್ನು ಬಿಟ್ಟು ಇತಿಹಾಸ ಹೇಳಿದರೆ ಅದು ಅರ್ಧವೇ. ಕರಿಯರಿಗೆ ನಗರದ ಬೇರೆ ಕಡೆ ಮನೆ ಸಿಗುತ್ತಿರಲಿಲ್ಲ. ಹಾಗಾಗಿ ಹಾರ್ಲೆಮ್‌ನ ಮನೆಮಾಲೀಕರು ಬಾಯಿಗೆ ಬಂದ ಬಾಡಿಗೆ ಕೇಳುತ್ತಿದ್ದರು. ತಿಂಗಳ ಕೊನೆಗೆ ಬಾಡಿಗೆ ಹೊಂದಿಸಲು ಮನೆಯವರು ‘ಬಾಡಿಗೆ ಪಾರ್ಟಿ’ ಇಡುತ್ತಿದ್ದರು: ಸಾಮಾನನ್ನೆಲ್ಲ ಬದಿಗೆ ಸರಿಸಿ, ಪಿಯಾನೊ ನುಡಿಸುವವರನ್ನು ಕರೆಸಿ, ಬಾಗಿಲಲ್ಲಿ ತಲೆಗೆ 25 ಸೆಂಟಿನಷ್ಟು ತೆಗೆದುಕೊಂಡು, ಊಟ ಮತ್ತು ಕಳ್ಳಸಾರಾಯಿ ಮಾರಿ ಹಣ ಕೂಡಿಸುವುದು. ಮನೆಯ ಒಳಗೆ ನಡೆಯುವುದರಿಂದ ಲೈಸೆನ್ಸ್ ಪ್ರಶ್ನೆ ಇಲ್ಲ. ಕರಿಯ ಸಲಿಂಗಿ ಗಂಡಸರ ಸಂಗ ಬೆಳೆದದ್ದು ಸಲೂನಿಗಿಂತ ಹೆಚ್ಚಾಗಿ ಇಂಥ ಮನೆಗಳಲ್ಲಿ.

ಅದೇ ಹಾರ್ಲೆಮ್‌ನಲ್ಲಿ ವರ್ಷಕ್ಕೊಮ್ಮೆ, ಕರಿಯರ ‘ಆಡ್ ಫೆಲೋಸ್’ ಎಂಬ ಪರಸ್ಪರ ನೆರವಿನ ಸಂಘದ ಹ್ಯಾಮಿಲ್ಟನ್ ಲಾಡ್ಜ್ ಶಾಖೆ ವೇಷ ನೃತ್ಯಕೂಟ ನಡೆಸುತ್ತಿತ್ತು. 1920ರ ದಶಕದ ಕೊನೆಗೆ 155ನೇ ರಸ್ತೆಯ ರಾಕ್‌ಲ್ಯಾಂಡ್ ಪ್ಯಾಲೇಸಿನಲ್ಲಿ ಸಾವಿರಾರು ಜನ ಸೇರುತ್ತಿದ್ದರು. ನೂರಾರು ಗಂಡಸರು ರೇಷ್ಮೆ ಗೌನು, ಗರಿಯ ಕಿರೀಟ ತೊಟ್ಟು ಬಹುಮಾನಕ್ಕಾಗಿ ನಡೆದು ತೋರಿಸುತ್ತಿದ್ದರು. ಬಿಳಿಯರೂ ಕರಿಯರೂ ಒಂದೇ ನೆಲದ ಮೇಲೆ ಕುಣಿಯುತ್ತಿದ್ದರು. ಪೊಲೀಸರು ಬಾಗಿಲಲ್ಲೇ ನಿಂತಿರುತ್ತಿದ್ದರು, ಹಿಡಿಯಲು ಅಲ್ಲ, ಕಾವಲಿಗೆ. ಇದು ಹೇಗೆ ಸಾಧ್ಯವಾಯಿತು ಎನ್ನುವುದಕ್ಕೆ 1845ಕ್ಕೆ ಹೋಗಬೇಕು. ನ್ಯೂಯಾರ್ಕ್ ರಾಜ್ಯದ ಗೇಣಿ ರೈತರು ಜಮೀನ್ದಾರರ ವಿರುದ್ಧ ಎದ್ದಿದ್ದರು. ಗುರುತು ಸಿಗದಂತೆ ಮುಖಕ್ಕೆ ಬಣ್ಣ ಬಳಿದು, ಹೂಬಟ್ಟೆಯ ನಿಲುವಂಗಿ ತೊಟ್ಟು ಅಧಿಕಾರಿಗಳನ್ನು ಎದುರಿಸುತ್ತಿದ್ದರು. ಅವರನ್ನು ಹತ್ತಿಕ್ಕಲು ‘ವೇಷ ಮರೆಸಿಕೊಂಡು ಓಡಾಡಬಾರದು’ ಎಂಬ ಕಾಯ್ದೆ ಬಂತು. ಪೊಲೀಸ್ ಪರವಾನಗಿ ಪಡೆದ ವೇಷ ನೃತ್ಯಕೂಟಕ್ಕೆ ಮಾತ್ರ ಅದರಲ್ಲಿ ವಿನಾಯಿತಿ ಇತ್ತು. ರೈತರ ದಂಗೆ ಮುಗಿದುಹೋಯಿತು, ಕಾಯ್ದೆ ಉಳಿಯಿತು. ಮುಂದೆ ಬೀದಿಯಲ್ಲಿ ಹೆಣ್ಣುಡುಗೆ ತೊಟ್ಟ ಗಂಡಸನ್ನು ಹಿಡಿಯಲು ಪೊಲೀಸರು ಅದನ್ನೇ ಬಳಸಿದರು, ಕೂಟ ನಡೆಸುವವರು ಅದರ ವಿನಾಯಿತಿಯನ್ನೇ ಹಿಡಿದುಕೊಂಡರು. ಒಳಗೆ ಬಹುಮಾನ ಪಡೆದ ಅದೇ ಗೌನಿಗೆ ಹೊರಗೆ ನಾಲ್ಕು ಹೆಜ್ಜೆ ಇಟ್ಟರೆ ಬಂಧನ.

ಇನ್ನು ಬೀದಿ, ಉದ್ಯಾನ, ಸುರಂಗ ರೈಲಿನ ಶೌಚಾಲಯ. ಕೋಣೆ ಹಂಚಿಕೊಂಡು ಇರುವವನಿಗೆ, ತಂದೆತಾಯಿಯೊಡನೆ ಇರುವವನಿಗೆ ಬೇರೆ ಜಾಗವಿರಲಿಲ್ಲ. 1923ರಲ್ಲಿ ರಾಜ್ಯ ಶಾಸನಸಭೆ ಅಶಿಸ್ತಿನ ವರ್ತನೆಯ ಕಾಯ್ದೆಗೆ ಒಂದು ಉಪವಿಧಿ ಸೇರಿಸಿತು: ಸಾರ್ವಜನಿಕ ಸ್ಥಳದಲ್ಲಿ ಗಂಡಸರನ್ನು ಕರೆಯಲು ಅಡ್ಡಾಡುವುದೇ ಅಪರಾಧ. ಏನೂ ನಡೆದಿರಬೇಕಿಲ್ಲ, ಮಾತಾಡಿಸಿದರೆ ಸಾಕು. ಮಫ್ತಿ ಪೊಲೀಸರ ಕ್ರಮ ಹೀಗಿತ್ತು: ಚೆಂದದ ಯುವ ಪೊಲೀಸನೊಬ್ಬ ಹೋಗಿ ನಿಲ್ಲುತ್ತಾನೆ, ಬೆಂಕಿಪೊಟ್ಟಣ ಕೇಳುತ್ತಾನೆ, ಮಾತು ಬೆಳೆಸುತ್ತಾನೆ, ‘ಎಲ್ಲಿಗೆ ಹೋಗೋಣ’ ಎಂಬ ಮಾತು ಎದುರಿನವನ ಬಾಯಿಂದ ಬರುವವರೆಗೆ ಕಾಯುತ್ತಾನೆ. ಬಂದ ಕೂಡಲೇ ಬಿಲ್ಲೆ ತೋರಿಸುತ್ತಾನೆ. ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಜ್ಯೂರಿ ಇಲ್ಲ. ಪೊಲೀಸನ ಮಾತಿಗೆ ಆರೋಪಿಯ ಮಾತು ಎದುರು, ಅಷ್ಟೇ. ಹೆಚ್ಚಿನವರು ತಪ್ಪೊಪ್ಪಿಕೊಂಡು ದಂಡ ಕಟ್ಟಿ ಹೊರಬರುತ್ತಿದ್ದರು. ಅವರ ಹೆದರಿಕೆ ಇದ್ದದ್ದು ಜೈಲಿಗಲ್ಲ, ವಿಷಯ ಕೆಲಸದ ಜಾಗಕ್ಕೆ, ಮನೆಮಾಲೀಕನಿಗೆ ತಲುಪೀತೆಂದು. 1960ರ ದಶಕದಲ್ಲಿ ಮ್ಯಾಟಚೀನ್ ಸೊಸೈಟಿ ಎಂಬ ಸಲಿಂಗಿಗಳ ಹಕ್ಕಿನ ಸಂಘಟನೆ ಜೇಬಿನಲ್ಲಿಟ್ಟುಕೊಳ್ಳುವ ಕೈಪಿಡಿ ಹಂಚಿತು: ಹೆಸರು, ವಿಳಾಸ ಹೇಳಿ, ಬೇರೇನೂ ಹೇಳಬೇಡಿ, ವಕೀಲರನ್ನು ಕೇಳಿ. ಅದೇ ಸಂಘಟನೆಯ ಒತ್ತಡಕ್ಕೆ 1966ರಲ್ಲಿ ಪೊಲೀಸ್ ಕಮಿಷನರ್ ಹೊವರ್ಡ್ ಲಿಯರಿ ಈ ಬಲೆ ಹಾಕುವ ಕ್ರಮವನ್ನು ನಿಲ್ಲಿಸಲು ಆದೇಶಿಸಿದರು. ಕಾನೂನು ಮಾತ್ರ ಬೇರೆ ರೂಪದಲ್ಲಿ ಉಳಿಯಿತು. ರಾಜ್ಯದ ಮೇಲ್ಮಟ್ಟದ ನ್ಯಾಯಾಲಯ ಅದನ್ನು ಹೊಡೆದುಹಾಕಿದ್ದು 1983ರಲ್ಲಿ.

ಈಗ ಬಾರುಗಳು. 1920ರ ಜನವರಿಯಿಂದ 1933ರ ಡಿಸೆಂಬರ್‌ವರೆಗೆ ದೇಶದಲ್ಲಿ ಪಾನನಿಷೇಧ. ಮದ್ಯ ಮಾರುವುದೇ ಕಾನೂನುಬಾಹಿರವಾದಾಗ ಕುಡಿಯುವವರೆಲ್ಲ ಒಂದೇ ದೋಣಿಯಲ್ಲಿದ್ದರು. ಯಾರು ಯಾರ ಜೊತೆ ಕೂತರು ಎಂದು ಕೇಳುವವರಿರಲಿಲ್ಲ. ಸಲಿಂಗಿ ಬದುಕಿಗೆ ನಿಜವಾದ ಬೀಗ ಬಿದ್ದದ್ದು ನಿಷೇಧ ತೆಗೆದ ಮೇಲೆ. ಇದನ್ನು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಸ್ವಾತಂತ್ರ್ಯ ವರ್ಷದಿಂದ ವರ್ಷಕ್ಕೆ ಏರುತ್ತಲೇ ಬಂತು ಎಂಬ ನಂಬಿಕೆ ಇಲ್ಲಿ ಮುರಿಯುತ್ತದೆ. 1934ರಲ್ಲಿ ರಾಜ್ಯ ಮದ್ಯ ಪ್ರಾಧಿಕಾರ ಬಂತು. ಲೈಸೆನ್ಸ್ ಪಡೆದವನು ತನ್ನ ಜಾಗ ‘ಅಶಿಸ್ತಿನ ತಾಣ’ ಆಗದಂತೆ ನೋಡಿಕೊಳ್ಳಬೇಕು. ಸಲಿಂಗಿಗಳು ಸೇರುವುದೇ ಅಶಿಸ್ತು ಎಂದು ಪ್ರಾಧಿಕಾರ ಅರ್ಥ ಮಾಡಿತು. ಅದರ ತನಿಖೆಗಾರರು ಬಂದು ಕೂತು, ಗಂಡಸರ ನಡಿಗೆ, ದನಿ, ಉಡುಪುಗಳನ್ನು ವರದಿಯಲ್ಲಿ ಬರೆದುಕೊಂಡು ಹೋಗುತ್ತಿದ್ದರು. ಲೈಸೆನ್ಸ್ ಹೋದರೆ ಬಾರಿನಲ್ಲಿ ಹಾಕಿದ ಬಂಡವಾಳವೆಲ್ಲ ಮುಳುಗಿದಂತೆ.

ನ್ಯಾಯವಾಗಿ ವ್ಯಾಪಾರ ಮಾಡುವವನು ಇಂಥ ಗಿರಾಕಿಗಳೇ ಬೇಡ ಎಂದು ಕೈ ತೊಳೆದುಕೊಂಡ. ಆದರೆ ಗಿರಾಕಿಗಳಿದ್ದರು, ದುಡ್ಡಿತ್ತು. ಆ ಜಾಗಕ್ಕೆ ಮಾಫಿಯಾ ಬಂತು. ಪೊಲೀಸರಿಗೆ ತಿಂಗಳ ಮಾಮೂಲು ಕೊಡುವ ವ್ಯವಸ್ಥೆ, ಒಂದು ಬಾರು ಮುಚ್ಚಿದರೆ ಇನ್ನೊಂದು ತೆರೆಯುವ ತಾಕತ್ತು ಅವರಲ್ಲಿತ್ತು. ಕ್ರಿಸ್ಟೊಫರ್ ಸ್ಟ್ರೀಟಿನ 51–53ನೇ ನಂಬರಿನಲ್ಲಿ 1967ರಲ್ಲಿ ತೆರೆದ ಸ್ಟೋನ್‌ವಾಲ್ ಇನ್ ಅಂಥದ್ದೇ. ಅದಕ್ಕೆ ಮದ್ಯದ ಲೈಸೆನ್ಸೇ ಇರಲಿಲ್ಲ. ಸದಸ್ಯರು ತಮ್ಮ ಬಾಟಲಿ ತಾವೇ ತಂದು ಕುಡಿಯುವ ಖಾಸಗಿ ಕ್ಲಬ್ ಎಂಬ ತೋರಿಕೆ, ಅದಕ್ಕಾಗಿ ಬಾಗಿಲಲ್ಲಿ ಒಂದು ಪುಸ್ತಕ. ಬಂದವರು ಸುಳ್ಳು ಹೆಸರು ಬರೆದು ಒಳಗೆ ಹೋಗುತ್ತಿದ್ದರು. ಕೌಂಟರಿನ ಹಿಂದೆ ನಲ್ಲಿಯಿಲ್ಲ, ಗ್ಲಾಸುಗಳನ್ನು ತೊಟ್ಟಿಯ ನೀರಲ್ಲಿ ಅದ್ದಿ ಮತ್ತೆ ತುಂಬುತ್ತಿದ್ದರು. ಮದ್ಯಕ್ಕೆ ನೀರು ಬೆರಕೆ, ಬೆಲೆ ಮಾತ್ರ ಜಾಸ್ತಿ. ಹಿಂದೆ ತುರ್ತು ಬಾಗಿಲಿಲ್ಲ. ಗಂಡಸರು ಗಂಡಸರೊಡನೆ ಕುಣಿಯಬಹುದಾಗಿತ್ತು ಎಂಬ ಒಂದೇ ಕಾರಣಕ್ಕೆ ಜನ ಇದನ್ನೆಲ್ಲ ಸಹಿಸಿದರು. ಪೊಲೀಸರು ಬಂದರೆ ಬಿಳಿ ದೀಪ ಹತ್ತುತ್ತಿತ್ತು. ಕುಣಿತ ನಿಲ್ಲಿಸಿ ದೂರ ಸರಿಯಲು ಅದೇ ಸೂಚನೆ.

ಲೈಸೆನ್ಸಿನ ಗಂಟನ್ನು ನೇರವಾಗಿ ಬಿಚ್ಚಲು ಹೊರಟವರು ಮ್ಯಾಟಚೀನ್ ಸೊಸೈಟಿಯವರು. 1966ರ ಏಪ್ರಿಲ್ 21ರಂದು ಡಿಕ್ ಲೈಶ್, ಕ್ರೇಗ್ ರಾಡ್‌ವೆಲ್ ಮತ್ತು ಸಂಗಡಿಗರು ಪತ್ರಕರ್ತರನ್ನು ಕರೆದುಕೊಂಡು ಬಾರಿಂದ ಬಾರಿಗೆ ಹೋದರು. ಮೊದಲೇ ಬರೆದಿಟ್ಟ ಚೀಟಿ ತೋರಿಸುವುದು: ನಾವು ಸಲಿಂಗಿಗಳು, ಗಲಾಟೆ ಮಾಡುವವರಲ್ಲ, ನಮಗೆ ಕುಡಿಯಲು ಕೊಡಿ. ಕೊಡದಿದ್ದರೆ ಪ್ರಾಧಿಕಾರದ ಮೇಲೆ ದೂರು. ಯೋಜನೆ ಕೆಟ್ಟದ್ದು ಎಲ್ಲಿ ಗೊತ್ತೆ? ಒಂದು ಹೋಟೆಲು ಸುದ್ದಿ ತಿಳಿದು ಬಾಗಿಲು ಹಾಕಿತ್ತು. ಇನ್ನೆರಡು ಕಡೆ ನಗುತ್ತಲೇ ಕೊಟ್ಟುಬಿಟ್ಟರು! ನಿರಾಕರಣೆ ಸಿಗದೆ ದೂರು ಹೂಡುವುದು ಹೇಗೆ? ಕೊನೆಗೆ 10ನೇ ರಸ್ತೆಯ ‘ಜೂಲಿಯಸ್’ಗೆ ಹೋದರು. ಅಲ್ಲಿ ಕೆಲವೇ ದಿನಗಳ ಹಿಂದೆ ದಾಳಿಯಾಗಿತ್ತು, ಲೈಸೆನ್ಸ್ ತೂಗುಯ್ಯಾಲೆಯಲ್ಲಿತ್ತು, ಹಾಗಾಗಿ ನಿರಾಕರಿಸುತ್ತಾರೆಂಬ ಲೆಕ್ಕ. ಚೀಟಿ ಕಂಡ ಕೂಡಲೇ ಬಾರಿನವನು ಗ್ಲಾಸಿನ ಮೇಲೆ ಅಂಗೈ ಮುಚ್ಚಿದ. ಆ ಫೋಟೊ ಇಂದಿಗೂ ಇದೆ. ಪ್ರಾಧಿಕಾರ, ಸಲಿಂಗಿಗಳಿಗೆ ಕೊಡಬಾರದೆಂಬ ನಿಯಮವೇ ತನ್ನಲ್ಲಿಲ್ಲ ಎಂದು ಹೇಳಬೇಕಾಯಿತು.

1969ರ ಜೂನ್ 28ರ ರಾತ್ರಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಯಾಕೆ ಅಂದೇ ಆಯಿತು ಎಂಬುದಷ್ಟನ್ನು ನೋಡೋಣ. ಮಾಮೂಲಿನ ದಾಳಿ ಸಂಜೆಗೇ, ಮುನ್ಸೂಚನೆ ಕೊಟ್ಟು ನಡೆಯುತ್ತಿತ್ತು. ರಾತ್ರಿಯ ವ್ಯಾಪಾರಕ್ಕೆ ಬಾರು ಮತ್ತೆ ತೆರೆಯುತ್ತಿತ್ತು. ಅಂದು ಬಂದವರು ಸ್ಥಳೀಯ ಠಾಣೆಯವರಲ್ಲ. ಡೆಪ್ಯುಟಿ ಇನ್‌ಸ್ಪೆಕ್ಟರ್ ಸೀಮೋರ್ ಪೈನ್ ಅವರ ತಂಡ ವಾರಾಂತ್ಯದ ನಡುರಾತ್ರಿ 1:20ಕ್ಕೆ, ಬಾರು ತುಂಬಿ ತುಳುಕುವಾಗ ಬಂತು. ಅದೇ ಮಂಗಳವಾರವಷ್ಟೇ ಒಂದು ದಾಳಿ ಆಗಿತ್ತು. ಗುರುತುಪತ್ರ ನೋಡಿ ಒಬ್ಬೊಬ್ಬರನ್ನೇ ಹೊರಗೆ ಬಿಟ್ಟರು. ಬಿಟ್ಟವರು ಮನೆಗೆ ಹೋಗದೆ ಎದುರೇ ನಿಂತರು. ಬಂಧಿತರನ್ನು ಒಯ್ಯುವ ವ್ಯಾನ್ ಬರುವುದು ತಡವಾಯಿತು. ಗುಂಪು ಬೆಳೆಯಿತು, ಕೊನೆಗೆ ಪೊಲೀಸರೇ ಬಾರಿನೊಳಗೆ ಸೇರಿ ಬಾಗಿಲು ಹಾಕಿಕೊಂಡರು. ಗಲಭೆ ಬಿಟ್ಟು ಬಿಟ್ಟು ಆರು ದಿನ ನಡೆಯಿತು. ಬಾರು ಕೆಲವೇ ತಿಂಗಳಲ್ಲಿ ಮುಚ್ಚಿತು. ಅದರ ಬಗ್ಗೆ ಮರುಕಪಡಬೇಕಿಲ್ಲ.

ನನ್ನ ಪ್ರಕಾರ ದೊಡ್ಡ ತಿರುವು ಗಲಭೆಗೂ ಮೊದಲೇ ಬಂದಿತ್ತು. 1967ರ ನವೆಂಬರಿನಲ್ಲಿ ಕ್ರೇಗ್ ರಾಡ್‌ವೆಲ್ ಮರ್ಸರ್ ಸ್ಟ್ರೀಟಿನಲ್ಲಿ ಆಸ್ಕರ್ ವೈಲ್ಡ್ ಹೆಸರಿನ ಪುಸ್ತಕದಂಗಡಿ ತೆರೆದರು. ಮದ್ಯವಿಲ್ಲ, ಹಾಗಾಗಿ ಮದ್ಯ ಪ್ರಾಧಿಕಾರವಿಲ್ಲ, ಮಾಫಿಯಾ ಇಲ್ಲ. ಗಲಭೆಯ ನೆನಪಿಗೆ 1970ರ ಜೂನ್ 28ರಂದು ನಡೆದ ಮೊದಲ ಮೆರವಣಿಗೆಯ ಹಿಂದೆಯೂ ರಾಡ್‌ವೆಲ್ ಅವರ ದುಡಿಮೆ ಇತ್ತು. 1971ರಲ್ಲಿ ‘ಗೇ ಆಕ್ಟಿವಿಸ್ಟ್ಸ್ ಅಲಯನ್ಸ್’ ಎಂಬ ಹೋರಾಟದ ಸಂಘಟನೆ ವೂಸ್ಟರ್ ಸ್ಟ್ರೀಟಿನ 99ನೇ ನಂಬರಿನ ಹಳೆಯ ಅಗ್ನಿಶಾಮಕ ಠಾಣೆಯನ್ನು ಬಾಡಿಗೆಗೆ ಹಿಡಿಯಿತು. ಶನಿವಾರದ ನೃತ್ಯದ ಹಣದಲ್ಲಿ ಹೋರಾಟದ ಖರ್ಚು ನಡೆಯಿತು. 1974ರ ಅಕ್ಟೋಬರಿನಲ್ಲಿ ಯಾರೋ ಅದಕ್ಕೆ ಬೆಂಕಿ ಇಟ್ಟರು. ಹತ್ತು ವರ್ಷ ಬೇಕಾಯಿತು ಮತ್ತೆ ಅಷ್ಟು ದೊಡ್ಡ ಜಾಗಕ್ಕೆ: 1984ರಲ್ಲಿ 13ನೇ ರಸ್ತೆಯ ಹಳೆಯ ಶಾಲಾ ಕಟ್ಟಡವನ್ನು ಸಮುದಾಯದವರು ನಗರದಿಂದ 15 ಲಕ್ಷ ಡಾಲರಿಗೆ ಕೊಂಡರು. ಈ ಸಲ ಬಾಡಿಗೆಯಲ್ಲ, ಕ್ರಯಪತ್ರ.

ಅಷ್ಟರಲ್ಲಿ ಏಡ್ಸ್ ಬಂದಿತ್ತು. 1981ರ ಜುಲೈ 3ರಂದು ನ್ಯೂಯಾರ್ಕ್ ಟೈಮ್ಸ್ 41 ಸಲಿಂಗಿ ಗಂಡಸರಲ್ಲಿ ಕಂಡ ಅಪರೂಪದ ಕ್ಯಾನ್ಸರಿನ ಸುದ್ದಿ ಪ್ರಕಟಿಸಿತು. 1982ರ ಜನವರಿಯಲ್ಲಿ ಆರು ಮಂದಿ ಸೇರಿ ‘ಗೇ ಮೆನ್ಸ್ ಹೆಲ್ತ್ ಕ್ರೈಸಿಸ್’ ಎಂಬ ನೆರವಿನ ಸಂಸ್ಥೆ ಕಟ್ಟಿದರು. ಅದರ ಮೊದಲ ಕಚೇರಿ 22ನೇ ರಸ್ತೆಯ ಒಂದು ಬಾಡಿಗೆ ಕೋಣೆಗಳ ಮನೆಯಲ್ಲಿತ್ತು. ಮನೆಯ ಮಾಲೀಕ ಮೆಲ್ ಚೆರನ್ ಸಮುದಾಯದವರೇ ಆದ್ದರಿಂದ ಜಾಗ ಸಿಕ್ಕಿತು. ಒಬ್ಬ ರೋಗಿಗೆ ಒಬ್ಬ ‘ಬಡ್ಡಿ’, ಅಂದರೆ ಜೊತೆಗಾರ, ಎಂಬ ಕ್ರಮವನ್ನು ಅವರು ರೂಪಿಸಿದರು. ಅಡುಗೆ, ಬಟ್ಟೆ ಒಗೆತ, ನಾಯಿ ಅಡ್ಡಾಡಿಸುವುದು, ಸಿಬ್ಬಂದಿ ಹೆದರಿ ಆಸ್ಪತ್ರೆ ಕೋಣೆಯ ಹೊರಗೇ ಇಟ್ಟುಹೋದ ಊಟದ ತಟ್ಟೆಯನ್ನು ಒಳಗೆ ತಂದು ಉಣಿಸುವುದು, ಎಲ್ಲವೂ ಈ ಸ್ವಯಂಸೇವಕರ ಕೆಲಸ. 1983ರಲ್ಲಿ ಏಡ್ಸ್ ರೋಗಿಗಳನ್ನು ನೋಡುತ್ತಿದ್ದ ಡಾ. ಜೋಸೆಫ್ ಸಾನಬೆಂಡ್ ಅವರ ಕ್ಲಿನಿಕ್ಕನ್ನು 12ನೇ ರಸ್ತೆಯ ಕಟ್ಟಡದವರು ಖಾಲಿ ಮಾಡಿಸಲು ಹೊರಟರು. ಅದರ ವಿರುದ್ಧ ಹೂಡಿದ್ದೇ ದೇಶದ ಮೊದಲ ಏಡ್ಸ್ ತಾರತಮ್ಯದ ಮೊಕದ್ದಮೆ. 13ನೇ ರಸ್ತೆಯ ಆ ಸ್ವಂತ ಕಟ್ಟಡದಲ್ಲೇ 1987ರ ಮಾರ್ಚಿನಲ್ಲಿ ‘ಆಕ್ಟ್ ಅಪ್’ ಎಂಬ ಏಡ್ಸ್ ಹೋರಾಟದ ಗುಂಪು ಹುಟ್ಟಿತು. ವರ್ಷಕ್ಕೆ ಸುಮಾರು 10,000 ಡಾಲರ್ ಆಗುತ್ತಿದ್ದ ಏಡ್ಸ್ ಔಷಧಿ ಎಝಡ್‌ಟಿಯ ಬೆಲೆಯ ವಿರುದ್ಧ ಅವರು 1989ರ ಸೆಪ್ಟೆಂಬರಿನಲ್ಲಿ ಶೇರುಪೇಟೆಯೊಳಗೇ ನುಗ್ಗಿದರು; ಕೆಲವೇ ದಿನಗಳಲ್ಲಿ ಕಂಪನಿ 20 ಶೇಕಡ ಬೆಲೆ ಇಳಿಸಿತು.

ಕೊನೆಯದಾಗಿ ಒಂದು ಮನೆ. ಮಿಗೆಲ್ ಬ್ರಾಸ್ಕಿ ಮತ್ತು ಲೆಸ್ಲಿ ಬ್ಲಾಂಚರ್ಡ್ 1975ರಿಂದ 54ನೇ ರಸ್ತೆಯ ಬಾಡಿಗೆ ನಿಯಂತ್ರಣದ, ಅಂದರೆ ಬಾಡಿಗೆಗೆ ಕಾನೂನಿನ ಮಿತಿಯಿದ್ದ, ಮನೆಯೊಂದರಲ್ಲಿ ಒಟ್ಟಿಗೆ ಇದ್ದರು. ದಾಖಲೆಯಲ್ಲಿ ಬಾಡಿಗೆದಾರ ಬ್ಲಾಂಚರ್ಡ್ ಒಬ್ಬರೇ. 1986ರ ಸೆಪ್ಟೆಂಬರಿನಲ್ಲಿ ಅವರು ತೀರಿಕೊಂಡರು. ನವೆಂಬರಿನಲ್ಲಿ ಬ್ರಾಸ್ಕಿಗೆ ಖಾಲಿ ಮಾಡುವ ನೋಟಿಸು ಬಂತು. ಸತ್ತ ಬಾಡಿಗೆದಾರನ ಜೊತೆ ವಾಸವಿದ್ದ ‘ಕುಟುಂಬದ ಸದಸ್ಯ’ರನ್ನು ಹೊರಹಾಕುವಂತಿಲ್ಲ ಎಂದು ನಿಯಮ ಹೇಳುತ್ತಿತ್ತು, ಕುಟುಂಬ ಎಂದರೆ ಯಾರು ಎಂದು ಹೇಳಿರಲಿಲ್ಲ. 1989ರ ಜುಲೈ 6ರಂದು ರಾಜ್ಯದ ಅತ್ಯುನ್ನತ ನ್ಯಾಯಾಲಯ ಬ್ರಾಸ್ಕಿ ಪರ ತೀರ್ಪು ಕೊಟ್ಟಿತು. ನೋಡಬೇಕಾದದ್ದು ರಕ್ತಸಂಬಂಧ ಅಥವಾ ಮದುವೆ ಪತ್ರವನ್ನಷ್ಟೇ ಅಲ್ಲ ಎಂದಿತು: ಸಂಬಂಧ ಎಷ್ಟು ಕಾಲದ್ದು, ಇಬ್ಬರಿಗೇ ಸೀಮಿತವೇ, ಹಣಕಾಸು ಹೇಗೆ ಹಂಚಿಕೊಂಡರು, ನಾಲ್ಕು ಜನರ ಮುಂದೆ ಹೇಗೆ ಬಾಳಿದರು, ದಿನನಿತ್ಯಕ್ಕೆ ಒಬ್ಬರನ್ನೊಬ್ಬರು ನೆಚ್ಚಿದ್ದರೇ. ಬ್ರಾಸ್ಕಿ ಬಳಿ ಪುರಾವೆ ಇತ್ತು: ಜಂಟಿ ಬ್ಯಾಂಕ್ ಖಾತೆ, ಕ್ರೆಡಿಟ್ ಕಾರ್ಡ್, ಮುಖ್ತಿಯಾರನಾಮೆ, ಜೀವವಿಮೆಯಲ್ಲಿ ಹೆಸರು, ಚಾಲನಾ ಪರವಾನಗಿಯಲ್ಲಿ ಅದೇ ವಿಳಾಸ. ವಾರಕ್ಕೊಬ್ಬರಂತೆ ಗೆಳೆಯರನ್ನು ಹೂಳುತ್ತಿದ್ದ ಆ ವರ್ಷಗಳಲ್ಲಿ ಈ ಪಟ್ಟಿ ಎಷ್ಟೋ ಜೋಡಿಗಳಿಗೆ ಮಾದರಿಯಾಯಿತು. ಸ್ವಯಂಸೇವಕ ವಕೀಲರು ಆಸ್ಪತ್ರೆಯ ಹಾಸಿಗೆಯ ಪಕ್ಕದಲ್ಲೇ ಉಯಿಲು, ಮುಖ್ತಿಯಾರನಾಮೆ ಬರೆಸುತ್ತಿದ್ದರು. ಮುಂದೆ ಬಾಡಿಗೆ ನಿಯಮಾವಳಿಯಲ್ಲೇ ಇದು ಸೇರಿತು. ಸಾಮಾನ್ಯವಾಗಿ ಎರಡು ವರ್ಷ ಜೊತೆಗೆ ವಾಸವಿದ್ದದ್ದನ್ನು ತೋರಿಸಬೇಕಿತ್ತು.

ಉಳಿಸಿಕೊಳ್ಳಲು ಮನೆಯೇ ಇಲ್ಲದವರಿಗೆ ಈ ತೀರ್ಪಿನಿಂದ ಏನೂ ಆಗಲಿಲ್ಲ. ಇಷ್ಟು ಹೊತ್ತು ಹೇಳಿದ ಅಗ್ಗದ ಬಾಡಿಗೆ ಕೋಣೆಗಳನ್ನು ನಗರ 1950ರ ದಶಕದಿಂದಲೇ ಹೊಸದಾಗಿ ಕಟ್ಟಲು ಬಿಟ್ಟಿರಲಿಲ್ಲ. 1970ರ ದಶಕದಲ್ಲಿ ತೆರಿಗೆ ರಿಯಾಯಿತಿ ಕೊಟ್ಟು, ಇದ್ದವನ್ನೂ ದುಬಾರಿ ಫ್ಲ್ಯಾಟುಗಳಾಗಿ ಬದಲಿಸಲು ದಾರಿ ಮಾಡಿತ್ತು. ಕಾಯಿಲೆ ಬಿದ್ದ ಬಡ ಗಂಡಸರು ಬೀದಿಗೆ ಬಿದ್ದರು. 1986ರಲ್ಲಿ ಕ್ರಿಸ್ಟೊಫರ್ ಸ್ಟ್ರೀಟಿನ ನದಿಯ ಕಡೆಯ ತುದಿಯಲ್ಲಿದ್ದ ಹಳೆಯ ಹೋಟೆಲೊಂದನ್ನು ಏಡ್ಸ್ ಪೀಡಿತರಿಗಾಗಿ 44 ಜನರ ವಸತಿಯಾಗಿ ಮಾಡಲಾಯಿತು. ಬೇಡಿಕೆಯ ಮುಂದೆ ಅದು ಏನೇನೂ ಸಾಲದಾದಾಗ ಆಕ್ಟ್ ಅಪ್‌ನ ನಾಲ್ವರು 1990ರಲ್ಲಿ ‘ಹೌಸಿಂಗ್ ವರ್ಕ್ಸ್’ ಶುರು ಮಾಡಿದರು. ಔಷಧಿಯನ್ನು ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳಲು, ಅದನ್ನು ತಂಪಾಗಿಡಲು, ವೈದ್ಯರ ಪತ್ರ ಬಂದು ತಲುಪಲು ಒಂದು ವಿಳಾಸ ಬೇಕು. ಹಾಗಾಗಿ ಚಿಕಿತ್ಸೆಗೂ ಮೊದಲು ಕೋಣೆ ಕೊಡಿಸುವುದು ಎಂದು ಅವರು ಕೆಲಸಕ್ಕಿಳಿದರು.